ಚಿತ್ರದ ಮುಖಪುಟಗಳ ಹಳೆ ಮ್ಯಾಗಜಿನ್ ಸಂಗ್ರಹ: ಪದೇ ಪದೇ ಕೇಳುವ ಪ್ರಶ್ನೆಗಳು

ಹಳೆ ಮ್ಯಾಗಜಿನ್ ಕೂಡಿಡಲು ಹೊರಟವರು ಶುರುವಿನಲ್ಲಿ ಕೇಳುವ ಪ್ರಶ್ನೆಗಳು ಹೆಚ್ಚುಕಮ್ಮಿ ಇವೇ. ಫೋಟೊ ಅಲ್ಲದೆ ಕೈಯಲ್ಲಿ ಬಿಡಿಸಿದ ಚಿತ್ರ ಇರುವ ಮುಖಪುಟಗಳ ಬಗ್ಗೆ ಮಾತ್ರ ಇಲ್ಲಿ ಮಾತು. ನನ್ನ ನಿಲುವು ಮೊದಲೇ ಹೇಳಿಬಿಡುತ್ತೇನೆ: ನಾವು ಉಳಿಸಬೇಕಾದದ್ದು ಇಡೀ ಸಂಚಿಕೆಯನ್ನು, ಬರೀ ಮುಖಪುಟವನ್ನಲ್ಲ. ಕೆಳಗಿನ ಬಹಳಷ್ಟು ಉತ್ತರಗಳು ಇದರ ಮೇಲೇ ನಿಂತಿವೆ.

ಫೋಟೊ ಬಿಟ್ಟು ಚಿತ್ರದ ಮುಖಪುಟವೇ ಯಾಕೆ?

ಚಿತ್ರದಲ್ಲಿ ಸುಮ್ನೆ ಬಂದು ಕೂತದ್ದು ಏನೂ ಇರುವುದಿಲ್ಲ. ಅಂಗಿಯ ಮಡಿಕೆ, ಮೂಲೆಯ ನಾಯಿ, ಹಿಂದೆ ಖಾಲಿ ಬಿಟ್ಟ ಜಾಗ, ಎಲ್ಲವನ್ನೂ ಯಾರೋ ಒಬ್ಬರು ಯೋಚಿಸಿಯೇ ಅಲ್ಲಿ ಇಟ್ಟಿರುತ್ತಾರೆ. ದಾರಿಯಲ್ಲಿ ಹೋಗುವವರು ಒಂದು ಗಳಿಗೆ ನಿಂತು ನೋಡಬೇಕು ಅನ್ನುವುದೇ ಅವರ ಲೆಕ್ಕ.

ಅಮೆರಿಕದ ಚಿತ್ರಕಾರ ನಾರ್ಮನ್ ರಾಕ್‌ವೆಲ್ ಅಲ್ಲಿನ 'ದಿ ಸ್ಯಾಟರ್ಡೇ ಈವ್ನಿಂಗ್ ಪೋಸ್ಟ್' ಪತ್ರಿಕೆಗೆ ಮಾಡಿದ ಮೊದಲ ಮುಖಪುಟವನ್ನೇ ನೋಡಿ. 1916ರ ಮೇ 20ರ ಸಂಚಿಕೆ. ಸೂಟು, ಟೋಪಿ ಹಾಕಿಕೊಂಡ ಹುಡುಗ ಮಗುವಿನ ಗಾಡಿ ತಳ್ಳುತ್ತಿದ್ದಾನೆ. ಬೇಸ್‌ಬಾಲ್ ಆಡಲು ಹೊರಟ ಇಬ್ಬರು ಹುಡುಗರು ಅವನನ್ನು ಅಣಕಿಸುತ್ತಿದ್ದಾರೆ. ಇವನ ಎದೆ ಜೇಬಿನಲ್ಲಿ, ಕರವಸ್ತ್ರ ಇರಬೇಕಾದ ಕಡೆ, ಮಗುವಿನ ಹಾಲಿನ ಬಾಟಲಿ. ಒಂದು ಸಾಲು ಬರಹ ಇಲ್ಲದೆ ಇಡೀ ಕತೆ ತಿಳಿಯುತ್ತದೆ ಅಲ್ವಾ? ಬಣ್ಣಗಳನ್ನು ಗಮನಿಸಿದರೆ ಕಪ್ಪು ಮತ್ತು ಕೆಂಪು, ಅಷ್ಟೇ. ಆ ಪತ್ರಿಕೆ ನಾಲ್ಕು ಬಣ್ಣದ ಮುಖಪುಟಕ್ಕೆ ಹೋದದ್ದು 1926ರಲ್ಲಿ, ಅದೂ ರಾಕ್‌ವೆಲ್ ಚಿತ್ರದಿಂದಲೇ. ಎರಡೇ ಬಣ್ಣದಲ್ಲಿ ಚರ್ಮ, ಉಣ್ಣೆ, ನೆರಳು ಎಲ್ಲವನ್ನೂ ತೋರಿಸಿದ್ದಾರಲ್ಲ, ಅದನ್ನು ನೋಡುತ್ತಾ ಕೂತರೆ ಹೊತ್ತು ಹೋಗುವುದೇ ಗೊತ್ತಾಗುವುದಿಲ್ಲ.

ಯಾವ ಕಾಲದ ಪತ್ರಿಕೆಗಳನ್ನು ಹುಡುಕಬೇಕು?

ಸುಗ್ಗಿಯ ಕಾಲ ಅಂದರೆ 1890ರ ದಶಕದಿಂದ 1950ರ ದಶಕದವರೆಗೆ. ಬಣ್ಣದ ಮುದ್ರಣ ಅಗ್ಗವಾಗುತ್ತಾ ಬಂತು, ಪತ್ರಿಕೆಗಳ ಪ್ರಸಾರ ಏರಿತು, ಒಳ್ಳೆಯ ಕಲಾವಿದರಿಗೆ ಕೆಲಸ ಸಿಕ್ಕಿತು. 1896ರಲ್ಲಿ ಮ್ಯೂನಿಕ್‌ನಿಂದ 'ಯೂಗೆಂಡ್' ಮತ್ತು 'ಸಿಂಪ್ಲಿಸಿಸ್ಸಿಮುಸ್' ಎರಡೂ ಹೊರಟವು. 1899ರಲ್ಲಿ ಮಿಲಾನ್‌ನ 'ಲಾ ದೊಮೆನಿಕಾ ದೆಲ್ ಕೊರಿಯೆರೆ' ಶುರುವಾಯಿತು. ಅಕಿಲ್ಲೆ ಬೆಲ್ತ್ರಾಮೆ ದಶಕಗಳ ಕಾಲ ಅದರ ಮುಖಪುಟಕ್ಕೆ ಚಿತ್ರ ಬರೆದರು. ಅಪಘಾತ, ಯುದ್ಧ, ಪ್ರವಾಹ ಯಾವುದೇ ಸುದ್ದಿ ಇರಲಿ, ತಾವೇ ಅಲ್ಲಿ ನಿಂತು ನೋಡಿದ ಹಾಗೆ ಬಿಡಿಸುತ್ತಿದ್ದರು. ಫೋಟೊ ಸಿಗದ ಕಡೆ ಚಿತ್ರವೇ ವರದಿ ಆಗಿತ್ತು.

ಆಮೇಲೆ ಕ್ಯಾಮೆರಾ ಬಂತು. 'ವೋಗ್' 1932ರ ಜುಲೈನಲ್ಲಿ ಎಡ್ವರ್ಡ್ ಸ್ಟೈಕನ್ ತೆಗೆದ ಬಣ್ಣದ ಫೋಟೊವನ್ನು ಮುಖಪುಟಕ್ಕೆ ಹಾಕಿತು. 1936ರ ನವೆಂಬರ್‌ನಲ್ಲಿ 'ಲೈಫ್' ಫೋಟೊ ಪತ್ರಿಕೆಯಾಗಿ ಹೊರಬಂತು. ಇಲ್ಲಿ ಹೊಸಬರು ಎಡವುತ್ತಾರೆ: ಅದೇ ಹೆಸರಿನ ಹಾಸ್ಯ ಪತ್ರಿಕೆ 1883ರಿಂದ 1936ರವರೆಗೆ ಬರುತ್ತಿತ್ತು, ಫೋಟೊ ಪತ್ರಿಕೆಯವರು ಕೊಂಡದ್ದು ಅದರ ಹೆಸರನ್ನು. ಚಿತ್ರದ ಮುಖಪುಟ ಬೇಕಿದ್ದರೆ ಹಳೆಯ 'ಲೈಫ್' ಹುಡುಕಿ. 'ದಿ ನ್ಯೂಯಾರ್ಕರ್' ಮಾತ್ರ 1925ರ ಫೆಬ್ರವರಿ 21ರ ಮೊದಲ ಸಂಚಿಕೆಯಿಂದ ಇವತ್ತಿನವರೆಗೂ ಚಿತ್ರವನ್ನೇ ನೆಚ್ಚಿಕೊಂಡಿದೆ.

ಇಷ್ಟೊಂದು ಇದೆಯಲ್ಲ, ಎಲ್ಲಿಂದ ಶುರು ಮಾಡಲಿ?

ಒಂದು ಎಳೆ ಹಿಡಿಯಿರಿ. ಚೆನ್ನಾಗಿ ಕಂಡದ್ದನ್ನೆಲ್ಲ ಕೊಳ್ಳುತ್ತಾ ಹೋದರೆ ಮನೆ ತುಂಬುತ್ತದೆ, ಸಂಗ್ರಹ ಆಗುವುದಿಲ್ಲ. ಒಬ್ಬ ಕಲಾವಿದರನ್ನು ಹಿಡಿಯಬಹುದು, ಒಂದು ಪತ್ರಿಕೆಯನ್ನು, ಒಂದು ವಸ್ತುವನ್ನು ಅಥವಾ ಒಂದೇ ವರ್ಷವನ್ನು.

ನನ್ನ ಸಲಹೆ ಕಲಾವಿದರನ್ನು ಹಿಡಿಯಿರಿ ಅಂತಲೇ. ಜೆ. ಸಿ. ಲೈಯೆನ್‌ಡೆಕರ್ 'ಪೋಸ್ಟ್' ಪತ್ರಿಕೆಗೆ 300ಕ್ಕೂ ಹೆಚ್ಚು ಮುಖಪುಟ ಮಾಡಿದ್ದಾರೆ. ಅವರು ಹೊಸ ವರ್ಷದ ಸಂಚಿಕೆಗೆ ಒಂದು ಪುಟ್ಟ ಮಗುವನ್ನು ಬರೆಯುತ್ತಿದ್ದರು, ಅದೂ 1940ರ ದಶಕದ ಮೊದಲ ವರ್ಷಗಳವರೆಗೆ. ಬರೀ ಆ ಮಗುವಿನ ಸಂಚಿಕೆಗಳನ್ನೇ ಕೂಡಿಸಿದರೂ ವರ್ಷಕ್ಕೆ ಒಂದರಂತೆ ಒಳ್ಳೆ ಸಾಲು ಆಗುತ್ತದೆ. ಯುದ್ಧದ ವರ್ಷ ಬಂದಾಗ ಮಗುವಿನ ಕೈಗೆ ಆಯುಧವೂ ಬರುತ್ತದೆ. ಕಾಲ ಹೇಗೆ ಬದಲಾಯಿತು ಅನ್ನುವುದು ಆ ಸಾಲಿನಲ್ಲೇ ಕಾಣುತ್ತದೆ. ಜೆಸ್ಸಿ ವಿಲ್‌ಕಾಕ್ಸ್ ಸ್ಮಿತ್ 1917ರ ಡಿಸೆಂಬರ್‌ನಿಂದ 1933ರವರೆಗೆ 'ಗುಡ್ ಹೌಸ್‌ಕೀಪಿಂಗ್'ಗೆ ಪ್ರತಿ ತಿಂಗಳೂ ಮುಖಪುಟ ಮಾಡಿದರು, ಬಹುಪಾಲು ಮಕ್ಕಳ ಚಿತ್ರಗಳು. ಫ್ಯಾಷನ್ ಇಷ್ಟವಿದ್ದರೆ 'ಹಾರ್ಪರ್ಸ್ ಬಜಾರ್'ಗೆ ಎರ್ಟೇ ಮಾಡಿದ ಮುಖಪುಟಗಳಿವೆ, 1915ರಿಂದ 1936ರವರೆಗಿನವು, ಇನ್ನೂರಕ್ಕೂ ಮೇಲೆ. ಅವರ ಒಂದು ಗೆರೆ ನೋಡಿದರೂ ಇದು ಎರ್ಟೇ ಅಂತ ಹೇಳಿಬಿಡಬಹುದು.

ವೈಜ್ಞಾನಿಕ ಕತೆ, ಭೂತದ ಕತೆ ಇಷ್ಟಪಡುವವರಿಗೆ ಬೇರೆಯದೇ ಲೋಕ ಇದೆ. 'ಅಮೇಜಿಂಗ್ ಸ್ಟೋರೀಸ್' 1926ರ ಏಪ್ರಿಲ್‌ನಲ್ಲಿ ಶುರುವಾದಾಗ ಮುಖಪುಟ ಮಾಡಿದ್ದು ಫ್ರ್ಯಾಂಕ್ ಆರ್. ಪಾಲ್. ಹಿಂದೆ ದೊಡ್ಡದಾಗಿ ಶನಿ ಗ್ರಹ, ಮುಂದೆ ಹಿಮದ ಮೇಲೆ ಜಾರುತ್ತಿರುವ ಜನ. ವಾಸ್ತುಶಿಲ್ಪ ಕಲಿತವರು, ಹಾಗಾಗಿ ಅವರ ಯಂತ್ರ, ಕಟ್ಟಡಗಳೆಲ್ಲ ಅದ್ಭುತ, ಮನುಷ್ಯರು ಮಾತ್ರ ಸ್ವಲ್ಪ ಬೊಂಬೆಗಳ ಹಾಗೆ. 'ವಿಯರ್ಡ್ ಟೇಲ್ಸ್'ಗೆ 1930ರ ದಶಕದಲ್ಲಿ ಮಾರ್ಗರೆಟ್ ಬ್ರಂಡೇಜ್ ಪೇಸ್ಟೆಲ್‌ನಲ್ಲಿ ಬರೆದ ಮುಖಪುಟಗಳನ್ನು ಇವತ್ತಿಗೂ ಜನ ಮುಗಿಬಿದ್ದು ಹುಡುಕುತ್ತಾರೆ.

ಚಿತ್ರ ಯಾರದ್ದು ಅಂತ ತಿಳಿಯುವುದು ಹೇಗೆ?

ಮೊದಲು ಕೆಳಗಿನ ಎರಡು ಮೂಲೆ ನೋಡಿ, ಆಮೇಲೆ ಬಟ್ಟೆಯ ಅಂಚು, ನೆಲ, ಪೆಟ್ಟಿಗೆ, ಗೋಡೆ. ಸಹಿ ಅಲ್ಲೆಲ್ಲ ಅಡಗಿರುತ್ತದೆ. ಕೆಲವರು ಪೂರ್ತಿ ಹೆಸರು ಬರೆಯದೆ ಎರಡಕ್ಷರ ಹೆಣೆದು ಬಿಡುತ್ತಾರೆ. ಸಿಗದಿದ್ದರೆ ಪರಿವಿಡಿಯ ಪುಟ ತೆಗೆಯಿರಿ. ಮುಖಪುಟದ ಕಲಾವಿದರ ಹೆಸರನ್ನು ತುಂಬಾ ಪತ್ರಿಕೆಗಳು ಅಲ್ಲೇ ಸಣ್ಣಕ್ಷರದಲ್ಲಿ ಹಾಕುತ್ತಿದ್ದವು. ಒಳಪುಟ ಕಿತ್ತ ಪ್ರತಿಯಲ್ಲಿ ಈ ಸುಳಿವೇ ಹೋಗಿರುತ್ತದೆ ನೋಡಿ.

ಪಲ್ಪ್, ಸ್ಲಿಕ್ ಅನ್ನುತ್ತಾರಲ್ಲ, ಏನು ವ್ಯತ್ಯಾಸ?

ಕಾಗದದ ವ್ಯತ್ಯಾಸ. ಪಲ್ಪ್ ಪತ್ರಿಕೆಗಳ ಒಳಪುಟ ಅಗ್ಗದ ಮರದ ತಿರುಳಿನ ಒರಟು ಕಾಗದ, ಮುಖಪುಟ ಮಾತ್ರ ನುಣುಪು. ಅಳತೆ ಸುಮಾರು 7 ಇಂಚು ಅಗಲ, 10 ಇಂಚು ಎತ್ತರ. ಮುಖಪುಟ ಒಳಹಾಳೆಗಿಂತ ಸ್ವಲ್ಪ ಹೊರಗೆ ಚಾಚಿಕೊಂಡಿರುತ್ತಿತ್ತು. ಆ ಚಾಚಿದ ಅಂಚೇ ಮೊದಲು ಹರಿಯುವುದು, ಆದ್ದರಿಂದ ಅಂಚು ಚೆನ್ನಾಗಿರುವ ಪಲ್ಪ್ ಸಿಕ್ಕರೆ ಬಿಡಬೇಡಿ. ಸ್ಲಿಕ್ ಅಂದರೆ ಒಳಗೂ ಹೊರಗೂ ನುಣುಪಾದ, ಜೇಡಿಯ ಲೇಪ ಇರುವ ಕಾಗದ. 'ಪೋಸ್ಟ್', 'ವೋಗ್' ಈ ಗುಂಪಿನವು. ಗಾತ್ರ ದೊಡ್ಡದು, ತೂಕ ಜಾಸ್ತಿ.

ಎರಡನೇ ಮಹಾಯುದ್ಧದ ಹೊತ್ತಿಗೆ ಕಾಗದಕ್ಕೆ ಬರ ಬಂದು ಪಲ್ಪ್‌ಗಳು ಕುಗ್ಗಿದವು. 'ಅಸ್ಟೌಂಡಿಂಗ್' 1943ರ ಕೊನೆಗೆ ಕೈಪುಸ್ತಕದ ಅಳತೆಗೆ ಇಳಿಯಿತು. ಅದೇ ವರ್ಷಗಳಲ್ಲಿ ಅಮೆರಿಕದ ಮನೆಮನೆಯಿಂದ ರದ್ದಿ ಕಾಗದ ಸಂಗ್ರಹಿಸಿದರು. ಎಷ್ಟೋ ಹಳೆ ಸಂಚಿಕೆಗಳು ಅಪರೂಪ ಆಗಲು ಅದೂ ಒಂದು ಕಾರಣ.

ಕಾಗದ ಯಾಕೆ ಹಳದಿಯಾಗಿ ಪುಡಿಯಾಗುತ್ತದೆ?

ಮರದ ತಿರುಳಿನಲ್ಲಿ ಲಿಗ್ನಿನ್ ಇರುತ್ತದೆ. ಅದು ಗಾಳಿ, ಬೆಳಕು ತಾಗಿ ಕಂದು ಬಣ್ಣಕ್ಕೆ ತಿರುಗುತ್ತದೆ. ಜೊತೆಗೆ ಶಾಯಿ ಹರಡದ ಹಾಗೆ ಆ ಕಾಲದಲ್ಲಿ ಕಾಗದಕ್ಕೆ ಪಟಿಕ ಮತ್ತು ರಾಳ ಸೇರಿಸುತ್ತಿದ್ದರು. ಅದರಿಂದ ಆಮ್ಲ ಹುಟ್ಟಿ ನಾರುಗಳನ್ನು ಒಳಗಿನಿಂದಲೇ ತುಂಡು ಮಾಡುತ್ತದೆ. ಬಿಸಿ ಮತ್ತು ತೇವ ಇದ್ದರೆ ಈ ಕೆಲಸ ಇನ್ನೂ ಬೇಗ. ಪೂರ್ತಿ ನಿಲ್ಲಿಸಲು ಆಗುವುದಿಲ್ಲ, ಆದರೆ ನಿಧಾನ ಮಾಡಬಹುದು, ಅದೂ ಹತ್ತಾರು ವರ್ಷಗಳಷ್ಟು.

ಅಸಲಿಯೋ ಮರುಮುದ್ರಣವೋ ಅಂತ ಹೇಗೆ ಗೊತ್ತಾಗುತ್ತದೆ?

ಇದು ಮುಖ್ಯವಾದ ಪ್ರಶ್ನೆ. ಹೆಸರಾಂತ ಪತ್ರಿಕೆಗಳ ಮೊದಲ ಸಂಚಿಕೆಗಳನ್ನು ನೆನಪಿಗಾಗಿ ಹಾಗೆಯೇ ಮರುಮುದ್ರಿಸಿದ್ದು ಉಂಟು. 'ನ್ಯೂಯಾರ್ಕರ್' ಅಂತೂ ರೀ ಅರ್ವಿನ್ ಬರೆದ ಮೊದಲ ಮುಖಪುಟವನ್ನು, ಎತ್ತರದ ಟೋಪಿಯ ಆಸಾಮಿ ಒಂಟಿ ಕನ್ನಡಕದಲ್ಲಿ ಚಿಟ್ಟೆ ನೋಡುವ ಚಿತ್ರವನ್ನು, ದಶಕಗಳ ಕಾಲ ಹೆಚ್ಚುಕಮ್ಮಿ ಪ್ರತಿ ಫೆಬ್ರವರಿಯಲ್ಲೂ ಮತ್ತೆ ಹಾಕಿತು. ಹಾಗಾಗಿ ಚಿತ್ರ ನೋಡಿ ನಂಬಬೇಡಿ, ದಿನಾಂಕ ಓದಿ.

ಒಂದು ಭೂತಗನ್ನಡಿ ಇಟ್ಟುಕೊಳ್ಳಿ, ಹತ್ತು ಪಟ್ಟು ದೊಡ್ಡದು ಮಾಡುವಂಥದ್ದು ಸಾಕು. ಚಿತ್ರದ ಮೇಲೆ ಚುಕ್ಕಿಗಳು ಕಂಡರೆ ಗಾಬರಿಯಾಗಬೇಡಿ, ಅಸಲಿ ಮುದ್ರಣದಲ್ಲೂ ಚುಕ್ಕಿ ಇರುತ್ತದೆ. ನೋಡಬೇಕಾದದ್ದು ಅಕ್ಷರಗಳನ್ನು. ಪತ್ರಿಕೆಯ ಹೆಸರು, ದಿನಾಂಕ, ಒಳಗಿನ ಕತೆಯ ಅಕ್ಷರ. ಅಸಲಿ ಪ್ರತಿಯಲ್ಲಿ ಅಕ್ಷರದ ಅಂಚು ಚೊಕ್ಕವಾಗಿ, ಮಸಿ ಗಟ್ಟಿಯಾಗಿ ಇರುತ್ತದೆ. ಅಚ್ಚುಮೊಳೆ ಒತ್ತಿದ ಕಡೆ ಹಾಳೆಯ ಹಿಂದೆ ಬೆರಳಾಡಿಸಿದರೆ ಒಮ್ಮೊಮ್ಮೆ ತಗ್ಗು ಸಿಗುತ್ತದೆ. ಸ್ಕ್ಯಾನ್ ಮಾಡಿ ಮುದ್ರಿಸಿದ ಪ್ರತಿಯಲ್ಲಿ ಕಪ್ಪು ಅಕ್ಷರವೂ ಸಣ್ಣ ಸಣ್ಣ ಬಣ್ಣದ ಚುಕ್ಕಿಗಳಿಂದಲೇ ಆಗಿರುತ್ತದೆ, ಅಂಚು ಮಸುಕು ಮಸುಕು. ಚಿತ್ರದಲ್ಲಿ ಹಳೆ ಚುಕ್ಕಿಯ ಮೇಲೆ ಹೊಸ ಚುಕ್ಕಿ ಬಿದ್ದು ಬಲೆಯ ಹಾಗೆ ಅಲೆ ಅಲೆಯಾಗಿ ಕಾಣುತ್ತದೆ.

ಎರಡನೇ ಪರೀಕ್ಷೆ ನೇರಳಾತೀತ ಟಾರ್ಚ್. ಕಾಗದವನ್ನು ಬೆಳ್ಳಗೆ ಹೊಳೆಯಿಸುವ ರಾಸಾಯನಿಕ ಬಳಕೆಗೆ ಬಂದದ್ದು ಸುಮಾರು 1950ರಿಂದ ಈಚೆಗೆ. 1925ರದ್ದು ಅನ್ನುವ ಮ್ಯಾಗಜಿನ್ ಕತ್ತಲಲ್ಲಿ ನೀಲಿ ಬಿಳುಪಾಗಿ ಹೊಳೆದರೆ ಅದು 1925ರದ್ದಲ್ಲ. ಉಳಿದದ್ದು ಕಣ್ಣಿಗೇ ಕಾಣುತ್ತದೆ: ತುಕ್ಕಿನ ಗುರುತು ಇಲ್ಲದ ಹೊಳೆಯುವ ಪಿನ್ನು, ನಡುವಿನಿಂದ ಅಂಚಿನವರೆಗೆ ಒಂದೇ ಬಣ್ಣದ ಹಾಳೆ, ಅಳತೆಯಲ್ಲಿ ಅರ್ಧ ಇಂಚು ಕಡಿಮೆ. ಹಳೆ ಹಾಳೆ ಅಂಚಿನಲ್ಲಿ ಕಂದು, ನಡುವಿಗೆ ಹೋದ ಹಾಗೆ ತಿಳಿ.

ಸ್ಥಿತಿಯನ್ನು ಅಳೆಯುವುದು ಹೇಗೆ?

ಮಾರುವವರು ಮಿಂಟ್, ಫೈನ್, ವೆರಿ ಗುಡ್, ಗುಡ್, ಫೇರ್, ಪೂರ್ ಅಂತ ದರ್ಜೆ ಹೇಳುತ್ತಾರೆ. ಇದರಲ್ಲಿ 'ಗುಡ್' ಅಂದರೆ ಸಾಕಷ್ಟು ಸವೆದದ್ದು ಅಂತಲೇ ಲೆಕ್ಕ. ದರ್ಜೆಗಿಂತ ವಿವರಣೆ ಮುಖ್ಯ. ಬೆನ್ನು ಬಿರುಕು ಬಿಟ್ಟಿದೆಯೇ, ಮುಖಪುಟ ಪಿನ್ನಿನಿಂದ ಬಿಟ್ಟುಕೊಂಡಿದೆಯೇ, ನೀರಿನ ಕಲೆ ಇದೆಯೇ, ಬಣ್ಣ ಮಾಸಿದೆಯೇ. ಬಿಸಿಲಿಗೆ ಸಾಮಾನ್ಯವಾಗಿ ಕೆಂಪು, ಹಳದಿ ಮೊದಲು ಹೋಗುತ್ತವೆ, ನೀಲಿ ಉಳಿಯುತ್ತದೆ. ಮುಖಪುಟದ ಮನುಷ್ಯರೆಲ್ಲ ನೀಲಿಗಟ್ಟಿದ ಹಾಗೆ ಕಂಡರೆ ಆ ಪ್ರತಿ ಕಿಟಕಿ ಪಕ್ಕ ವರ್ಷಗಟ್ಟಲೆ ಇತ್ತು ಅಂತ ಅರ್ಥ.

ನನ್ನ ಮಟ್ಟಿಗೆ ಅಂಚು ಸವೆದಿದ್ದರೂ ಬಣ್ಣ ಗಟ್ಟಿಯಾಗಿರುವ ಪ್ರತಿಯೇ ಮೇಲು. ಅಂಚು ಚೂಪಾಗಿದ್ದು ಬಣ್ಣ ಮಾಸಿದ್ದರೆ ನೋಡಲು ಏನೂ ಉಳಿದಿರುವುದಿಲ್ಲ.

ಆನ್‌ಲೈನ್‌ನಲ್ಲಿ ಕೊಳ್ಳುವ ಮುಂಚೆ ಏನು ಕೇಳಬೇಕು?

ಹಿಂಬದಿಯ ಫೋಟೊ, ಬೆನ್ನಿನ ಫೋಟೊ, ನಡುಪುಟದ ಫೋಟೊ. ಎಲ್ಲ ಪುಟ ಇದೆಯೇ ಅಂತ ಎಣಿಸಿ ಹೇಳಲು ಕೇಳಿ. ಜಾಹೀರಾತಿನ ಕೂಪನ್ ಕತ್ತರಿಸಿದ್ದಾರೆಯೇ ಅಂತಲೂ ಕೇಳಿ, ಆಗಿನ ಓದುಗರು ಕತ್ತರಿ ಹಿಡಿದೇ ಓದುತ್ತಿದ್ದರು. ವಾಸನೆ ಹೇಗಿದೆ? ಬೂಷ್ಟು ವಾಸನೆ ಬರುತ್ತದೆ ಅಂದರೆ ಬೇಡ ಅಂದುಬಿಡಿ, ಎಷ್ಟೇ ಚಂದದ ಮುಖಪುಟ ಆಗಿರಲಿ. ಕಳುಹಿಸುವಾಗ ಎರಡು ಗಟ್ಟಿ ರಟ್ಟಿನ ನಡುವೆ ಇಟ್ಟು, ನೀರು ತಾಗದ ಹಾಗೆ ಸುತ್ತಿ, ಸುರುಳಿ ಮಾಡದೆ ಕಳುಹಿಸಲು ಹೇಳಿ. ಕೇಳಿದ್ದಕ್ಕೆ ಸರಿಯಾಗಿ ಉತ್ತರ ಕೊಡದವರ ಹತ್ತಿರ ಕೊಳ್ಳಬೇಡಿ.

ಮುಖಪುಟ ಒಂದೇ ಬೇಕು, ಕತ್ತರಿಸಿ ಫ್ರೇಮ್ ಹಾಕಿಸಬಹುದಾ?

ದಯವಿಟ್ಟು ಬೇಡ. ಅದು ನಿಮ್ಮ ಸ್ವತ್ತು, ಏನು ಬೇಕಾದರೂ ಮಾಡುವ ಹಕ್ಕು ನಿಮಗಿದೆ, ಒಪ್ಪುತ್ತೇನೆ. ಆದರೂ ಬೇಡ. ಮುಖಪುಟ ಹುಟ್ಟಿದ್ದೇ ಒಳಗಿನ ಪುಟಗಳಿಗಾಗಿ. ಪಲ್ಪ್‌ನಲ್ಲಿ ಆ ಚಿತ್ರಕ್ಕೆ ಒಳಗೆ ಒಂದು ಕತೆ ಇರುತ್ತದೆ, ಕೆಲವೊಮ್ಮೆ ಮೊದಲು ಚಿತ್ರ ಬರೆಸಿ ಆಮೇಲೆ ಅದಕ್ಕೆ ತಕ್ಕ ಕತೆ ಬರೆಸಿದ್ದೂ ಉಂಟು. ಸ್ಲಿಕ್‌ನಲ್ಲಿ ಹಿಂಬದಿಯ ಜಾಹೀರಾತು, ಒಳಗಿನ ಬಣ್ಣದ ಚಿತ್ರಗಳು, ಸಂಪಾದಕರಿಗೆ ಬಂದ ಪತ್ರಗಳು ಎಲ್ಲ ಸೇರಿ ಆ ವಾರ ಜನ ಏನು ಓದಿದರು, ಏನು ಕೊಂಡರು ಅನ್ನುವುದನ್ನು ಹೇಳುತ್ತವೆ. ಲೈಯೆನ್‌ಡೆಕರ್ ತರಹದ ಕಲಾವಿದರ ಒಳ್ಳೆ ಕೆಲಸ ಮುಖಪುಟದಲ್ಲಿ ಮಾತ್ರ ಅಲ್ಲ, ಒಳಗಿನ ಜಾಹೀರಾತುಗಳಲ್ಲೂ ಇದೆ.

ಒಮ್ಮೆ ಕತ್ತರಿಸಿದರೆ ಮತ್ತೆ ಸೇರಿಸಲು ಆಗುವುದಿಲ್ಲ. ಒಳಗಿನ ಪುಟಗಳು ರದ್ದಿಗೆ ಹೋಗುತ್ತವೆ, ಅಲ್ಲಿಗೆ ಆ ಪ್ರತಿಯ ಕತೆ ಮುಗಿಯಿತು. ಉಳಿದಿರುವ ಪ್ರತಿಗಳೇ ಕಡಿಮೆ ಇರುವಾಗ ಇದು ನಿಜಕ್ಕೂ ನೋವಿನ ವಿಷಯ. ಗೋಡೆಗೆ ಬೇಕಿದ್ದರೆ ಎರಡು ದಾರಿ ಇದೆ. ಯಾರೋ ಈಗಾಗಲೇ ಕಿತ್ತು ಮಾರುತ್ತಿರುವ ಬಿಡಿ ಮುಖಪುಟ ಕೊಳ್ಳಿ, ಇಲ್ಲವೇ ನಿಮ್ಮ ಪ್ರತಿಯನ್ನು ಸ್ಕ್ಯಾನ್ ಮಾಡಿ ಒಳ್ಳೆ ಕಾಗದದಲ್ಲಿ ಮುದ್ರಿಸಿ ಅದನ್ನು ನೇತುಹಾಕಿ. ಎರಡನೆಯದೇ ಲೇಸು. ಮಾಸಿದರೆ ಇನ್ನೊಂದು ಮುದ್ರಿಸಿದರಾಯಿತು.

ಇಡೀ ಮ್ಯಾಗಜಿನ್ ಅನ್ನೇ ಗೋಡೆಗೆ ಹಾಕುವ ಫ್ರೇಮ್ ಸಿಗುತ್ತದಲ್ಲ?

ಸಿಗುತ್ತದೆ. ನೇರಳಾತೀತ ತಡೆಯುವ ಗಾಜು ಇರಲಿ, ಚಿತ್ರ ಗಾಜಿಗೆ ಅಂಟಿಕೊಳ್ಳಬಾರದು, ಬಿಸಿಲು ಬೀಳದ ಗೋಡೆ ಆಗಲಿ. ಕೆಲವು ತಿಂಗಳಿಗೊಮ್ಮೆ ಬೇರೆ ಸಂಚಿಕೆ ಹಾಕಿ, ಇದಕ್ಕೆ ವಿಶ್ರಾಂತಿ ಕೊಡಿ. ಕಾಗದದ ವಸ್ತುಗಳಿಗೆ ಮ್ಯೂಸಿಯಂಗಳು ಸಾಮಾನ್ಯವಾಗಿ 50 ಲಕ್ಸ್ ಬೆಳಕಿನ ಮಿತಿ ಹಾಕಿಕೊಳ್ಳುತ್ತವೆ, ಅದು ಮಂದ ಬೆಳಕು. ಅಷ್ಟು ಜಾಗ್ರತೆ ಅವರಿಗೇ ಬೇಕಿದ್ದರೆ ನಮಗೂ ಬೇಕು.

ಮನೆಯಲ್ಲಿ ಹೇಗೆ ಇಡಬೇಕು?

ತಂಪು, ಒಣ, ಕತ್ತಲು. ಮೂರೂ ಬೇಕು. ತೇವಾಂಶ 35ರಿಂದ 50 ಶೇಕಡಾ ನಡುವೆ ಇದ್ದರೆ ಒಳ್ಳೆಯದು, ಒಂದೇ ಸಮ ಇರುವುದು ಇನ್ನೂ ಮುಖ್ಯ. ಅಟ್ಟ ಬೇಡ, ನೆಲಮಾಳಿಗೆ ಬೇಡ, ಹೊರಗೋಡೆಗೆ ಒತ್ತಿಕೊಂಡ ಕಪಾಟು ಬೇಡ.

ಒಂದೊಂದು ಸಂಚಿಕೆಗೂ ಒಂದೊಂದು ಚೀಲ. ಪಾಲಿಯೆಸ್ಟರ್ ಚೀಲ ಎಲ್ಲಕ್ಕಿಂತ ಒಳ್ಳೆಯದು, ಮೈಲಾರ್ ಅನ್ನುತ್ತಾರಲ್ಲ ಅದು. ಪಾಲಿಪ್ರೊಪಿಲೀನ್ ಆದರೂ ನಡೆಯುತ್ತದೆ. ಪಿವಿಸಿ ಮಾತ್ರ ಮುಟ್ಟಬೇಡಿ. ಅದು ಹಳತಾದಂತೆ ಆಮ್ಲದ ಅನಿಲ ಬಿಡುತ್ತದೆ, ಮೆತ್ತಗಾಗಿ ಮುಖಪುಟದ ಶಾಯಿಗೆ ಅಂಟುತ್ತದೆ. ಹಿಂದೆ ಆಮ್ಲರಹಿತ ರಟ್ಟು ಇಡಿ, ಕ್ಯಾಲ್ಸಿಯಂ ಕಾರ್ಬೊನೇಟ್ ಸೇರಿಸಿದ್ದಾದರೆ ಕಾಗದದಿಂದ ಬರುವ ಆಮ್ಲವನ್ನು ಅದು ಸ್ವಲ್ಪ ಹೀರುತ್ತದೆ. ಸಾಮಾನ್ಯ ರಟ್ಟು ತಾನೇ ಆಮ್ಲ ಬಿಡುತ್ತದೆ, ಕೆಲವು ವರ್ಷದಲ್ಲಿ ಹಿಂಪುಟದ ಮೇಲೆ ಕಂದು ನೆರಳು ಬೀಳುತ್ತದೆ.

ದೊಡ್ಡ ಸಂಚಿಕೆಗಳನ್ನು ಮಲಗಿಸಿ ಇಡಿ, ಆದರೆ ಒಂದರ ಮೇಲೊಂದು ತುಂಬಾ ಪೇರಿಸಬೇಡಿ. ಚಿಕ್ಕವನ್ನು ಪೆಟ್ಟಿಗೆಯಲ್ಲಿ ನಿಲ್ಲಿಸಬಹುದು, ವಾಲದ ಹಾಗೆ ತುಂಬಿ, ಬಿಗಿಯಾಗದ ಹಾಗೆ ಬಿಡಿ. ಲೇಪ ಇರುವ ನುಣುಪು ಕಾಗದಕ್ಕೆ ನೀರು ಬಿದ್ದರೆ ಹಾಳೆಗಳು ಅಂಟಿಕೊಂಡು ಒಂದೇ ಗಟ್ಟಿಯಾಗುತ್ತವೆ, ಒಣಗಿದ ಮೇಲೆ ಬಿಡಿಸಲು ಆಗುವುದೇ ಇಲ್ಲ. ಹಾಗಾಗಿ ಪೆಟ್ಟಿಗೆ ನೆಲದಿಂದ ಮೇಲಿರಲಿ.

ವಿಳಾಸದ ಚೀಟಿ ಅಂಟಿದೆ, ಪಿನ್ನು ತುಕ್ಕು ಹಿಡಿದಿದೆ, ಹರಿದ ಕಡೆ ಟೇಪ್ ಹಾಕಿದ್ದಾರೆ. ತೆಗೆಯಲೇ?

ಚಂದಾದಾರರ ವಿಳಾಸದ ಚೀಟಿ ಹಾಗೇ ಇರಲಿ. ಕೀಳಲು ಹೋದರೆ ಕೆಳಗಿನ ಚಿತ್ರವೂ ಎದ್ದು ಬರುತ್ತದೆ. ಯಾರದೋ ಮನೆಗೆ ಆ ವಾರ ಬಂದ ಪ್ರತಿ ಅದು, ಆ ಗುರುತು ಇದ್ದರೆ ತಪ್ಪೇನು? ಫೋಟೊ ಹಾಕುವಾಗ ಮಾತ್ರ ಹೆಸರು, ವಿಳಾಸ ಮುಚ್ಚಿ. ಹಳೆ ಟೇಪ್ ಅನ್ನು ಕಾಗದ ಸಂರಕ್ಷಣೆ ಕಲಿತವರೇ ತೆಗೆಯಬೇಕು. ನೀವಾಗಿ ಹೊಸ ಟೇಪ್ ಅಂತೂ ಹಾಕಲೇಬೇಡಿ, ಅದರ ಅಂಟು ಕಾಗದದೊಳಗೆ ಇಳಿದು ಹಳದಿ ಕಲೆ ಮಾಡುತ್ತದೆ. ತುಕ್ಕು ಹಿಡಿದ ಪಿನ್ನು ಕಾಗದವನ್ನು ತಿನ್ನುತ್ತಿಲ್ಲ ಅಂದರೆ ಬಿಟ್ಟುಬಿಡಿ, ಒಣ ಜಾಗದಲ್ಲಿ ತುಕ್ಕು ಹರಡುವುದು ನಿಧಾನ.

ಹುಳ ಕಂಡಿತು! ಏನು ಮಾಡಲಿ?

ಆ ಪ್ರತಿಯನ್ನು ತಕ್ಷಣ ಬೇರೆ ಇಡಿ. ಸಿಲ್ವರ್‌ಫಿಶ್‌ಗೆ ಅಂಟು, ಗಂಜಿ, ಕಾಗದದ ಲೇಪ ಎಲ್ಲ ಇಷ್ಟ, ಮುಖಪುಟವನ್ನೇ ಮೇಲಿಂದ ಕೆರೆದು ತಿನ್ನುತ್ತದೆ. ಗಾಳಿ ಹೋಗದ ಚೀಲದಲ್ಲಿ ಮುಚ್ಚಿ, ಮೈನಸ್ 20 ಡಿಗ್ರಿ ಸೆಲ್ಸಿಯಸ್ ತಲುಪುವ ಫ್ರೀಜರ್‌ನಲ್ಲಿ ಒಂದು ವಾರಕ್ಕಿಂತ ಜಾಸ್ತಿ ಇಡಿ. ಹೊರಗೆ ತೆಗೆದ ಮೇಲೆ ಒಂದು ದಿನ ಚೀಲ ಬಿಚ್ಚಬೇಡಿ, ಇಲ್ಲದಿದ್ದರೆ ಹನಿ ಕಟ್ಟಿ ಕಾಗದ ತೇವವಾಗುತ್ತದೆ. ಕೀಟನಾಶಕ ಸಿಂಪಡಿಸಬೇಡಿ.

ಬೂಷ್ಟು ಆದರೆ ಮೊದಲು ಒಣಗಿಸಿ, ಮುಖಕ್ಕೆ ಒಳ್ಳೆ ಮಾಸ್ಕ್ ಹಾಕಿಕೊಂಡು ಮನೆಯ ಹೊರಗೆ ಮೆತ್ತನೆ ಬ್ರಷ್‌ನಿಂದ ತೆಗೆಯಿರಿ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಇನ್ನೂ ಹರಡುತ್ತದೆ.

ಸ್ಕ್ಯಾನ್ ಮಾಡಿ ಹಂಚಬಹುದಾ? ಹಕ್ಕು ಯಾರದ್ದು?

ಮ್ಯಾಗಜಿನ್ ನಿಮ್ಮದು, ಚಿತ್ರದ ಹಕ್ಕು ನಿಮ್ಮದಲ್ಲ. ಅಮೆರಿಕದಲ್ಲಿ ಆ ಕಾಲದ ಪ್ರಕಟಣೆಗಳಿಗೆ ಹಕ್ಕು ಹೆಚ್ಚೆಂದರೆ ಪ್ರಕಟವಾದ ವರ್ಷದಿಂದ 95 ವರ್ಷ, ಆಮೇಲೆ ಎಲ್ಲರದ್ದು. ಯುರೋಪಿನ ಬಹಳ ದೇಶಗಳಲ್ಲಿ ಲೆಕ್ಕ ಬೇರೆ, ಕಲಾವಿದರು ತೀರಿಕೊಂಡ ಮೇಲೆ 70 ವರ್ಷ. ಸ್ವಂತಕ್ಕೆ ಸ್ಕ್ಯಾನ್ ಇಟ್ಟುಕೊಳ್ಳುವುದು ಬೇರೆ, ಮುದ್ರಿಸಿ ಮಾರುವುದು ಬೇರೆ. ಮಾರುವ ಯೋಚನೆ ಇದ್ದರೆ ಮೊದಲು ವಿಚಾರಿಸಿ. ಸ್ಕ್ಯಾನ್ ಮಾಡುವಾಗ ಬೆನ್ನನ್ನು ಒತ್ತಿ ಚಪ್ಪಟೆ ಮಾಡಬೇಡಿ, ಮೇಲಿನಿಂದ ಕ್ಯಾಮೆರಾದಲ್ಲಿ ತೆಗೆಯುವುದೇ ಕ್ಷೇಮ.

ಕೆಲವು ಮುಖಪುಟಗಳಲ್ಲಿ ಜನರನ್ನು ಕೀಳಾಗಿ ಬರೆದಿದ್ದಾರೆ. ಅಂಥವನ್ನು ಇಟ್ಟುಕೊಳ್ಳಬೇಕಾ?

ಇದನ್ನು ಕೇಳುವುದು ಒಳ್ಳೆಯದು. ಕಪ್ಪು ಜನರನ್ನು, ಏಷ್ಯಾದವರನ್ನು, ಯಹೂದಿಗಳನ್ನು ವಿಕಾರವಾಗಿ ಬಿಡಿಸಿದ ಮುಖಪುಟಗಳು ಆ ಕಾಲದಲ್ಲಿ ಬೇಕಾದಷ್ಟಿವೆ. ಯಾರನ್ನು ಬಿಡಿಸಲೇ ಇಲ್ಲ ಅನ್ನುವುದೂ ಒಂದು ದಾಖಲೆ. 'ಪೋಸ್ಟ್'ನಲ್ಲಿ ಕಪ್ಪು ಜನರನ್ನು ಆಳುಕಾಳುಗಳಾಗಿ ಮಾತ್ರ ತೋರಿಸಬೇಕಿತ್ತು ಅಂತ ರಾಕ್‌ವೆಲ್ ಅವರೇ ಹೇಳಿದ್ದಾರೆ. 1963ರಲ್ಲಿ ಆ ಪತ್ರಿಕೆ ಬಿಟ್ಟ ಅವರು 1964ರ ಜನವರಿಯಲ್ಲಿ 'ಲುಕ್' ಪತ್ರಿಕೆಯ ಒಳಪುಟದಲ್ಲಿ, ಬಿಳಿಯರ ಶಾಲೆಗೆ ಕಾವಲಿನವರ ನಡುವೆ ನಡೆದುಹೋಗುವ ಪುಟ್ಟ ಕಪ್ಪು ಹುಡುಗಿಯನ್ನು ಬರೆದರು. ಅದೇ ಕೈ, ಬೇರೆ ಪತ್ರಿಕೆ. ನಾನಾದರೆ ಇಂಥ ಸಂಚಿಕೆಗಳನ್ನು ಹರಿದು ಹಾಕುವುದಿಲ್ಲ, ಗೋಡೆಗೂ ಹಾಕುವುದಿಲ್ಲ. ಪೆಟ್ಟಿಗೆಯಲ್ಲಿ ಇಡುತ್ತೇನೆ, ತೋರಿಸುವಾಗ ವಿಷಯ ಹೇಳಿಯೇ ತೋರಿಸುತ್ತೇನೆ.

ಹಣ ಹೂಡಲು ಇದು ಒಳ್ಳೆಯ ದಾರಿಯಾ?

ಅಲ್ಲ. ಬಹುಪಾಲು ಹಳೆ ಸಂಚಿಕೆಗಳು ಲಕ್ಷಗಟ್ಟಲೆ ಮುದ್ರಣವಾದವು, ಬೆಲೆ ಏರುವುದು ಕೆಲವಕ್ಕೆ ಮಾತ್ರ. ನೋಡಲು ಇಷ್ಟವಾದದ್ದನ್ನು ಕೊಳ್ಳಿ.

ಪಟ್ಟಿ ಇಡಬೇಕಾ?

ಮೊದಲ ದಿನದಿಂದಲೇ. ಪತ್ರಿಕೆಯ ಹೆಸರು, ದಿನಾಂಕ, ಸಂಪುಟ, ಸಂಚಿಕೆ, ಕಲಾವಿದರು, ಸ್ಥಿತಿ, ಎಲ್ಲಿಂದ ಬಂತು, ಎಷ್ಟಕ್ಕೆ. ಒಂದು ಸಣ್ಣ ಫೋಟೊ ಕೂಡ. ಕಲಾವಿದರ ಹೆಸರು ಎಲ್ಲಿ ಸಿಕ್ಕಿತು ಅಂತಲೂ ಬರೆಯಿರಿ, ಸಹಿಯಿಂದಲೋ ಪರಿವಿಡಿಯಿಂದಲೋ. ಊಹೆ ಆದರೆ ಊಹೆ ಅಂತ ಬರೆಯಿರಿ. ತಪ್ಪು ಹೆಸರು ಒಂದು ಪಟ್ಟಿಯಿಂದ ಇನ್ನೊಂದಕ್ಕೆ ಹಾರಿ ನಿಜವೇ ಅನ್ನುವಷ್ಟು ಬೇರು ಬಿಡುತ್ತದೆ.

ಒಂದೇ ಸಂಚಿಕೆ ಎರಡು ಬಂದುಬಿಟ್ಟರೆ?

ಎರಡನ್ನೂ ಪಕ್ಕಪಕ್ಕ ಇಟ್ಟು ಪುಟ ಪುಟ ಹೋಲಿಸಿ. ಒಂದರಲ್ಲಿ ಕೂಪನ್ ಕತ್ತರಿಸಿರಬಹುದು, ಇನ್ನೊಂದರಲ್ಲಿ ಬಣ್ಣ ಗಟ್ಟಿ ಇರಬಹುದು. ಒಳ್ಳೆಯದನ್ನು ಇಟ್ಟುಕೊಂಡು ಇನ್ನೊಂದನ್ನು ಹುಡುಕುತ್ತಿರುವ ಯಾರಿಗಾದರೂ ಕೊಡಿ, ಅದರ ಕೊರತೆ ಏನಿದೆ ಅಂತ ಹೇಳಿಯೇ ಕೊಡಿ. ಎರಡನ್ನೂ ಬಿಚ್ಚಿ ಒಂದು ಒಳ್ಳೆ ಪ್ರತಿ ಮಾಡಲು ಹೋಗಬೇಡಿ.